ಗ್ರೈಂಡರ್ ತಿರುಗುತ್ತಿದ್ದ ಮಧ್ಯಾಹ್ನಗಳು

ಆಗೆಲ್ಲ ಪೊಲೀಸರ ಮಕ್ಕಳೆಂದರೆ ಸ್ಕೂಲಿನಲ್ಲಿ ಯಾರೂ ನಮ್ಮ ತಂಟೆಗೆ ಬರುತ್ತಿರಲಿಲ್ಲ. ಗುಬ್ಬಿಗೂ ಕುಣಿಗಲಿಗೂ ನಡುವಿನ ಒಂದು ಪೇಟೆ. ಹೆಸರು ಬೇಡ ಬಿಡಿ. ಠಾಣೆಯ ಹಿಂದೆಯೇ ಕ್ವಾರ್ಟರ್ಸ್, ನಡುವೆ ಒಂದು ಗೋಡೆ, ಅದರ ನೆರಳಲ್ಲಿ ನಮ್ಮ ಕುಂಟೆಬಿಲ್ಲೆ. ಅಪ್ಪ ಕಾನ್‌ಸ್ಟೇಬಲ್. ಮಧ್ಯಾಹ್ನ ಊಟಕ್ಕೆ ಬಂದರೆ ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ, ಮೊದಲ ತುತ್ತು ನನ್ನ ಬಾಯಿಗೇ ಇಡುತ್ತಿದ್ದರು. ಅವರ ಬೆರಳಿಗೆ ಕೆಂಪು ಸೋಪಿನ ವಾಸನೆ ಇರುತ್ತಿತ್ತು.

ಕೆಲವು ದಿನ ಅಪ್ಪನ ಜೊತೆಯ ಪೇದೆಯೊಬ್ಬರು ಗೋಡೆಯಾಚೆಯಿಂದ ಕೂಗುತ್ತಿದ್ದರು: "ಅತ್ಗೇ, ಗ್ರೈಂಡರ್ ಹಾಕ್ಬುಡಿ."

ಅಮ್ಮ ನನ್ನನ್ನು ಒಳಗೆ ಕರೆದು, ಕಿಟಕಿ ಮುಚ್ಚಿ, ಸ್ವಿಚ್ ಒತ್ತುತ್ತಿದ್ದಳು. ಮನೆಯೆಲ್ಲ ಗಡಗಡ ಸದ್ದು.

"ನಾಳೆ ದೋಸೆನಾಮ್ಮ?"

"ಹೂಂ ಕಣೇ, ಸುಮ್ನೆ ಕೂತ್ಕೊ."

ಮಾರನೆಯ ಬೆಳಿಗ್ಗೆ ಉಪ್ಪಿಟ್ಟು! ಒಮ್ಮೆ ಇಣುಕಿ ನೋಡಿದರೆ ಕಲ್ಲಿನ ಕೆಳಗೆ ಬರೀ ನೀರು. ಅಮ್ಮ ಜಿಪುಣಿ ಎಂದು ಮುನಿಸಿಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ಆ ಬೇಸಿಗೆ ಮಂಡಿಯಲ್ಲಿ ಕೊಬ್ಬರಿ ಕಳುವಾಯಿತು. ಅನುಮಾನದ ಮೇಲೆ ಹಿಡಿದು ತಂದದ್ದು ಕಾಯಿ ಸುಲಿಯುವ ರಂಗಣ್ಣನನ್ನು. ಮೊಳೆತ ಕಾಯಿ ಸಿಕ್ಕರೆ ಒಳಗಿನ ಸಿಹಿ ಹೂವನ್ನು ನಮಗೆಂದೇ ಎತ್ತಿಡುತ್ತಿದ್ದವನು.

"ಏನಮ್ಮಿ, ಚೆನ್ನಾಗಿದೀಯಾ?" ಜೀಪಿನಿಂದ ಇಳಿಯುತ್ತಾ ನನ್ನನ್ನು ಕೇಳಿದ. ನಗುತ್ತಲೇ ಇದ್ದ.

ಸ್ವಲ್ಪ ಹೊತ್ತಿಗೆ "ಅತ್ಗೇ" ಎಂಬ ಕೂಗು ಬಂತು. ಅಮ್ಮ ಗ್ರೈಂಡರ್ ಹಾಕಿದಳು. ಹಾಕಿದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು.

ಕಲ್ಲು ನಿಂತಿತು. ಗೋಡೆಯಾಚೆಯ ಏಟು ನಿಲ್ಲಲಿಲ್ಲ.

"ಅಣ್ಣೋ, ನಾನಲ್ಲ ಕಣಣ್ಣೋ!"

"ಸುಳ್ಳು ಬೊಗಳ್ತೀಯೇನ್ಲಾ?"

ಆ ಎರಡನೆಯದು ಅಪ್ಪನ ದನಿ. ಅಮ್ಮ ಓಡಿಬಂದು ನನ್ನ ಕಿವಿ ಮುಚ್ಚಿದಳು.

ಅಪ್ಪ ಬಂದರು, ಸೋಪು ಹಾಕಿ ಕೈ ತೊಳೆದರು, ಎಂದಿನಂತೆ ತುತ್ತು ಹಿಡಿದರು. ನಾನು ಹಲ್ಲು ಕಚ್ಚಿ ಕೂತೆ.

"ಯಾಕವ್ವ, ಹಸಿವಿಲ್ವಾ?"

"ಕರೆಂಟ್ ಹೋಗಿತ್ತು ಕಣ್ರೀ," ಎಂದಳು ಅಮ್ಮ.

ಅಪ್ಪ ತುತ್ತನ್ನು ತಟ್ಟೆಗೇ ಇಟ್ಟರು.

ಕಳ್ಳರು ಆಮೇಲೆ ಬೇರೆ ಕಡೆ ಸಿಕ್ಕರು. ರಂಗಣ್ಣನನ್ನು ಬಿಟ್ಟರು. ಕಾಯಿ ಸುಲಿಯಲು ಅವನ ಬಲಗೈ ಮತ್ತೆ ಏಳಲಿಲ್ಲ.

ಈಗ ಠಾಣೆಗಳಲ್ಲಿ ಕ್ಯಾಮೆರಾ ಇದೆಯಂತೆ. ನಿವೃತ್ತರಾದ ಅಪ್ಪ ತುಮಕೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಊಟಕ್ಕೆ ಕೂತರೆ ಮೊದಲ ತುತ್ತು ನನ್ನ ಮಗಳಿಗೆ. ಅವಳು ಹಕ್ಕಿನಿಂದ ಬಾಯಿ ತೆರೆಯುತ್ತಾಳೆ. ಎರಡನೆಯ ತುತ್ತು ಕಟ್ಟಿ ಕೈಯಲ್ಲಿ ಹಿಡಿದು ಅಪ್ಪ ಒಮ್ಮೆ ನನ್ನ ಕಡೆ ನೋಡುತ್ತಾರೆ. ಆ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಆದರೂ ಎದ್ದು ಅಡುಗೆಮನೆಗೆ ಹೋಗುತ್ತೇನೆ. ರುಬ್ಬಲು ಏನೂ ಇಲ್ಲದಿದ್ದರೂ ಮಿಕ್ಸಿ ಹಾಕುತ್ತೇನೆ.