ಮಗ್ಗಕ್ಕಿಲ್ಲದ ಸಾಲ

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ನಾನೂ ಯಜಮಾನರೂ ಸರದಿಯಂತೆ ನಿಂತು ನೇಯುತ್ತಿದ್ದೆವು. ಆ ವರ್ಷ ಸೀರೆಗೆ ಒಳ್ಳೆಯ ಬೇಡಿಕೆಯಿತ್ತು. ಇನ್ನೆರಡು ಮಗ್ಗ ಹಾಕೋಣವೆಂದು, ನಾವು ಮದುವೆಯಾದಾಗಿನಿಂದ ಉಳಿತಾಯವಿಟ್ಟಿದ್ದ ಬ್ಯಾಂಕಿಗೆ ಸಾಲ ಕೇಳಲು ಹೋದೆ.

ಮ್ಯಾನೇಜರು ಮನೆಗೇ ಬಂದು ನೋಡಿದರು. ಸದ್ದು ತಡೆಯಲಾರದೆ ಜಗಲಿಗೆ ಬಂದು ನಿಂತು ಹೇಳಿದರು: "ಮಗ್ಗಕ್ಕೆ ಕೊಡೋದು ಕಷ್ಟ ಅಮ್ಮ. ಬೇರೆ ಏನಾದ್ರೂ ಆಸ್ತಿ ಇದ್ಯಾ?"

"ತವರಲ್ಲಿ ಇಪ್ಪತ್ತು ಗುಂಟೆ ಹೊಲ ಇದೆ ಸಾರ್. ನಂದೂ ನಮ್ಮಣ್ಣಂದೂ ಜಂಟಿ. ಹುರುಳಿ ಬಿಟ್ರೆ ಏನೂ ಬೆಳೆಯಲ್ಲ."

"ಯಾವೂರು?"

ಊರಿನ ಹೆಸರು ಹೇಳಿದೆ. ದೇವನಹಳ್ಳಿ ಕಡೆಯ ಸಣ್ಣ ಹಳ್ಳಿ, ಯಾರಿಗೂ ಗೊತ್ತಿರುವಂಥದ್ದಲ್ಲ. ಅವರಿಗೆ ಗೊತ್ತಿತ್ತು.

"ಅಲ್ಲೇ ಕೆರೆ ಹಿಂದೆ ಲೇಔಟ್ ಆಗ್ತಿದೆಯಲ್ಲ! ಮೊದಲೇ ಹೇಳಬಾರ್ದಾ? ಹೊಲಾನ ಸೈಟಿಗೆ ಕನ್ವರ್ಷನ್ ಮಾಡಿಸಿ, ಮನೆ ಕಟ್ತೀವಿ ಅಂತ ಅರ್ಜಿ ಕೊಡಿ. ನೀವು ಕೇಳಿದ್ದರ ಎರಡರಷ್ಟು ಕೊಡಿಸ್ತೀನಿ. ಅಣ್ಣಂದೊಂದು ಸಹಿ ಬೇಕಾಗುತ್ತೆ ಅಷ್ಟೆ."

ಅವರು ಹೋದ ಮೇಲೂ ನನ್ನ ಮನಸ್ಸು ಆ ಮಾತಿನಲ್ಲೇ ನಿಂತಿತ್ತು. ಕೆರೆಯ ಹಿಂದಿರುವುದು ನಮ್ಮ ಹೊಲ. ಪಕ್ಕದಲ್ಲಿ ಲೇಔಟ್ ಆಗುತ್ತಿರುವುದು ನನಗೇ ಗೊತ್ತಿಲ್ಲ, ಇವರಿಗೆ ಹೇಗೆ ಗೊತ್ತು? ದಿನವಿಡೀ ಓಡುವ ಮಗ್ಗ ನಂಬದವರು ಹುರುಳಿ ಹೊಲವನ್ನು ನೋಡದೆಯೇ ನಂಬುತ್ತಾರೆಂದರೆ ಅದರಲ್ಲಿ ಏನೋ ಇದೆ. ಅಣ್ಣ ಆಗಲೇ ಹೊಲ ಮಾರಲು ಯಾರ ಜೊತೆಗೋ ಮಾತಾಡಿಕೊಂಡಿರಬೇಕು ಅನ್ನಿಸಿತು. ಯಜಮಾನರಿಗೂ ಹೇಳದೆ ಭಾನುವಾರ ಬಸ್ಸು ಹತ್ತಿದೆ.

ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆ. ಪಕ್ಕದ ಹೊಲಗಳೆಲ್ಲ ಕೆಂಪು ಬಯಲಾಗಿದ್ದವು. ನಮ್ಮ ಬದುವಿನ ಈಚೆಗೆ, ನಮ್ಮ ಹುರುಳಿಯ ಮಧ್ಯೆಯೇ, ಸೈಟಿನ ನಂಬರು ಬರೆದ ಎರಡು ಬಿಳಿ ಕಲ್ಲುಗಳನ್ನು ನೆಟ್ಟಿದ್ದರು. ಲೇಔಟಿನ ಗೇಟಿನ ಬಳಿ ಸೆಕ್ಯುರಿಟಿಯ ನೀಲಿ ಅಂಗಿ ತೊಟ್ಟು ಕುಳಿತಿದ್ದವನು ನಮ್ಮಣ್ಣ.

"ನನ್ನ ಸಹಿ ಇಲ್ದೆ ಹೊಲ ಮಾರ್ಬಿಟ್ಯಾ ಅಣ್ಣ? ಮಾರಿದ್ದಕ್ಕೆ ಈ ಕೆಲಸ ಕೊಟ್ರಾ?"

ಅಣ್ಣ ಎದ್ದು ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟ. ಕಲ್ಲು ನಮ್ಮ ಹೊಲದೊಳಗೆ ಬಂದಿದೆ, ಅಳತೆ ಮಾಡಿಸಿ ಎಂದು ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿ. ಮೇಲೆ ಕಚೇರಿಯ ಸೀಲಿತ್ತು. ಅರ್ಜಿದಾರರ ಜಾಗದಲ್ಲಿ ಅವನ ಹೆಸರಿನ ಜೊತೆಗೆ ನನ್ನದೂ ಇತ್ತು.

"ಎರಡು ಸಲ ಕಿತ್ತಾಕ್ದೆ. ಮತ್ತೆ ನೆಟ್ರು. ಇಲ್ಲೇ ಕೂತ್ರೆ ಅವ್ರು ಕಲ್ಲು ನೆಡೋದು ಕಣ್ಣಿಗೆ ಬೀಳುತ್ತಲ್ಲಾ ಅಂತ ಕೆಲಸಕ್ಕೆ ಸೇರ್ಕೊಂಡೆ," ಎಂದ. "ನಿನಗೆ ಹೇಳಿದ್ರೆ ಭಯ ಬೀಳ್ತೀಯಾ ಅಂತ ಸುಮ್ನಿದ್ದೆ ಕಣಮ್ಮ."

ಕಾಗದವನ್ನು ಮಡಚಿ ವಾಪಸ್ ಕೊಟ್ಟೆ. ಅವನ ಮುಖ ನೋಡಲಾಗದೆ ಅತ್ತ ತಿರುಗಿದರೆ ಗೇಟಿನ ಮೇಲಿನ ಬೋರ್ಡು ಕಂಡಿತು. ಸೈಟು ಕೊಳ್ಳುವವರಿಗೆ ಸುಲಭ ಸಾಲ ಸಿಗುತ್ತದೆ ಎಂದು ಬರೆದು, ಕೆಳಗೆ ನಮ್ಮ ಬ್ಯಾಂಕಿನ ಹೆಸರನ್ನೇ ಹಾಕಿದ್ದರು. ಮ್ಯಾನೇಜರಿಗೆ ಕೆರೆ ಗೊತ್ತಿದ್ದದ್ದು ಹೇಗೆಂದು ಆಗ ತಿಳಿಯಿತು.

ಮರುದಿನ ಬ್ಯಾಂಕಿಗೆ ಹೋಗಿ ಕೇಳಿಯೇಬಿಟ್ಟೆ. "ನಮ್ಮ ಬೀದಿಯವರೆಲ್ಲ ಸೀರೆ ನೇಯ್ದು ಇಟ್ಟ ದುಡ್ಡು ಸಾರ್ ಇಲ್ಲಿರೋದು. ಅದು ಆ ಬಯಲಿಗೆ ಹೋಗುತ್ತೆ, ನಮ್ಮ ಬೀದಿಗೆ ಯಾಕೆ ಬರಲ್ಲ?"

ಅವರು ಸಿಟ್ಟಾಗಲಿಲ್ಲ. ದನಿ ತಗ್ಗಿಸಿದರು. "ಮಗ್ಗದ ಫೈಲು ನಾನು ಕಳಿಸಿದ್ರೂ ಮೇಲೆ ಹಾಗೇ ಬಿದ್ದಿರುತ್ತೆ ಅಮ್ಮ. ಸೈಟಿನ ಫೈಲಾದ್ರೆ ವಾರದಲ್ಲಿ ವಾಪಸ್ ಬರುತ್ತೆ. ನನಗೂ ಟಾರ್ಗೆಟ್ ಇರುತ್ತೆ."

ಅದು ನಿಜವೋ ಜಾರಿಕೊಳ್ಳುವ ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ. ಅರ್ಜಿಗೆ ಸಹಿ ಹಾಕದೆ ಬಂದೆ. ಕಟ್ಟದ ಮನೆಯನ್ನು ಕಟ್ಟುತ್ತೇನೆಂದು ಬರೆದುಕೊಟ್ಟರೆ, ನಾಳೆ ಆ ಕಾಗದ ಯಾರ ಕೈಗೆ ಹೋಗುತ್ತದೋ ಎಂಬ ಭಯ. ಅದೇ ತಿಂಗಳು ಎದುರು ಮನೆಯವರು ಸೈಟಿಗೆ ದುಡ್ಡು ಹೊಂದಿಸಲು ಮಗ್ಗಗಳನ್ನು ಗುಜರಿಗೆ ಹಾಕಲು ಹೊರಟಿದ್ದರು. ಅದರಲ್ಲಿ ಒಂದನ್ನು ನಾವು ಕೊಂಡೆವು. ಎರಡನೆಯದಕ್ಕೆ ಶಕ್ತಿ ಸಾಲಲಿಲ್ಲ.

ಸರ್ವೇಯರು ಬಂದದ್ದು ಮಳೆಗಾಲ ಕಳೆದ ಮೇಲೆ. ಅಳತೆಯ ದಿನ ಅಣ್ಣ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. "ನೀನೇ ಹಿಡ್ಕೋಮ್ಮ. ಆಮೇಲೆ ಅನುಮಾನ ಬೇಡ," ಎಂದ. ಕೋಪದಿಂದ ಹೇಳಿದ್ದಲ್ಲ. ಬಿಳಿ ಕಲ್ಲುಗಳು ನಮ್ಮ ಹೊಲದೊಳಗೆ ನಾಲ್ಕು ಮಾರು ಬಂದಿದ್ದವೆಂದು ಸರ್ವೇಯರು ಬರೆದುಕೊಂಡರು. ಲೇಔಟಿನವರೇ ಅವನ್ನು ಕಿತ್ತು ಹಿಂದಕ್ಕೆ ನೆಟ್ಟರು. ಹೊಲ ಉಳಿಯಿತು. ಅಣ್ಣ ಹಬ್ಬಕ್ಕೆ ಈಗಲೂ ಬಂದು ಉಂಡು ಹೋಗುತ್ತಾನೆ. ಆದರೆ ಹೊಲದ ವಿಷಯದ ಒಂದು ಚೀಟಿ ಬಂದರೂ ಮೊದಲು ನನಗೆ ಓದಿ ಹೇಳುತ್ತಾನೆ, ಕೇಳದಿದ್ದರೂ. ಅವನು ಓದುತ್ತಿರುವಷ್ಟು ಹೊತ್ತೂ ನಾನು ತಲೆ ತಗ್ಗಿಸಿಕೊಂಡೇ ಕೂತಿರುತ್ತೇನೆ.