ಹೆಸರಿಲ್ಲದ ಶಿರಾಜ್

ವೈನ್ ರುಚಿ ನೋಡುವಾಗ ಎಲ್ಲರೂ ಕಣ್ಣು ಮುಚ್ಚುತ್ತಾರೆ. ವರ್ನಾ ನಿಚ್ಕಿ ಮುಚ್ಚುತ್ತಿರಲಿಲ್ಲ. ಗುಟುಕನ್ನು ಬಾಯಲ್ಲಿ ಹಿಡಿದುಕೊಂಡು ಹಿತ್ತಿಲ ಬೇಲಿಯನ್ನೇ ನೋಡುತ್ತಿದ್ದಳು, ಅಲ್ಲಿಂದ ಯಾರೋ ಬರುತ್ತಿದ್ದಾರೆ, ಯಾರೆಂದು ಗುರುತು ಹಿಡಿಯಬೇಕು ಎನ್ನುವ ಹಾಗೆ. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಈಗಲೂ ನನಗೆ ಅವಳ ಆ ನೋಟವೇ ಮೊದಲು ನೆನಪಾಗುತ್ತದೆ.

ಅಡಿಲೇಡಿಗೆ ಉತ್ತರದಲ್ಲಿ, ದ್ರಾಕ್ಷಿ ತೋಟಗಳ ಕ್ಲೇರ್ ಕಣಿವೆಯ ನಮ್ಮ ಊರಿನಲ್ಲಿ ನಾನು ಹತ್ತೊಂಬತ್ತು ವರ್ಷ ಪಾರ್ಸಲ್ ವ್ಯಾನ್ ಓಡಿಸಿದೆ. ಯಾರ ಮನೆಗೆ ಏನು ಬರುತ್ತದೆ ಎಂಬುದು ಪಾದ್ರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ವರ್ನಾಳ ಮನೆಗೆ ಬರುತ್ತಿದ್ದದ್ದು ಹನ್ನೆರಡು ಬಾಟಲಿಯ ಪೆಟ್ಟಿಗೆಗಳು. ಬಾಟಲಿಗಳ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಹಿಂಬದಿಯಲ್ಲಿ ಬೆರಳಗಲದ ಒಂದು ಚೀಟಿ: ಇಂಥ ದ್ರಾಕ್ಷಿ, ಇಂಥ ವರ್ಷ, ಇಷ್ಟು ಮದ್ಯಸಾರ. ಗುರುತಿನ ಬರೆ ಹಾಕದ ದನಕ್ಕೆ ನಮ್ಮ ಕಡೆ ಕ್ಲೀನ್‌ಸ್ಕಿನ್ ಅನ್ನುತ್ತಾರೆ. ಈ ಬಾಟಲಿಗಳಿಗೂ ಅದೇ ಹೆಸರು. ಇಂಟರ್ನೆಟ್ಟಿನಲ್ಲಿ ಅಗ್ಗದ ಬೆಲೆಗೆ ಸಿಗುತ್ತವೆ. ಒಳಗಿರುವುದು ಯಾರದೆಂದು ಮಾರುವವನು ಹೇಳುವುದಿಲ್ಲ. "ಹೆಸರು ಕೇಳಿದರೆ ಬೆಚ್ಚಿಬೀಳುತ್ತೀರಿ" ಎಂದಷ್ಟೇ ಬರೆದಿರುತ್ತಾನೆ. ಬಹಳ ಸಲ ಬೆಚ್ಚಿಬೀಳುವುದು ಕುಡಿದ ಮೇಲೆ.

ಊರಾಚೆಯ ದೊಡ್ಡ ವೈನ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ವರ್ನಾ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಹುಳಿ ಅಳೆಯುವುದು, ಸಕ್ಕರೆ ಅಳೆಯುವುದು, ಗಾಜಿನ ಸಾಮಾನು ತೊಳೆಯುವುದು ಅವಳ ಪಾಲಿನವು. ರುಚಿ ನೋಡಿ ತೀರ್ಪು ಕೊಡುವುದು ಕಾಲೇಜು ಓದಿ ಬಂದ ಗಂಡಸರ ಕೆಲಸ. ಅವರು ಎದ್ದುಹೋದ ಮೇಲೆ ಲೋಟಗಳಲ್ಲಿ ಉಳಿದದ್ದನ್ನು ಇವಳು ಒಂದೊಂದು ಗುಟುಕು ನೋಡುತ್ತಿದ್ದಳು. ಹಾಗೇ ಕಲಿತಳು. ಒಂದು ವರ್ಷ ಏಳನೇ ತೊಟ್ಟಿ ಕೆಡಲು ಶುರುವಾಗಿದೆ ಎಂದು ಮುಖ್ಯಸ್ಥನಿಗೆ ಹೇಳಿದಳಂತೆ. "ನೀನು ಲೋಟ ತೊಳಿಯಮ್ಮಾ" ಎಂದನಂತೆ ಅವನು. ಆರು ವಾರಕ್ಕೆ ಆ ತೊಟ್ಟಿಯನ್ನು ಪೂರ್ತಿ ಚರಂಡಿಗೆ ಬಿಟ್ಟರು. ಮೊದಲು ಹೇಳಿದವಳು ಇವಳೆಂದು ಯಾರೂ ಬಾಯಿಬಿಡಲಿಲ್ಲ.

ನಿವೃತ್ತಳಾದ ಮೇಲೆ ಈ ಹೆಸರಿಲ್ಲದ ಬಾಟಲಿಗಳು ಅವಳಿಗೊಂದು ಕುರ್ಚಿ ಹಾಕಿಕೊಟ್ಟವು. ಎರಡು ವಾರಕ್ಕೊಂದು ಶನಿವಾರ ಮಧ್ಯಾಹ್ನ ಅವಳ ಹಿಂದಿನ ಜಗಲಿಯಲ್ಲಿ ನಾವು ಸೇರುತ್ತಿದ್ದೆವು. ನಾನು, ಶಾಲೆಯಲ್ಲಿ ಮೇಡಂ ಆಗಿದ್ದ ಗ್ಲೆನಿಸ್, ಮತ್ತೆ ಆ ದಿನ ಯಾರು ಬಾಟಲಿ ತಂದರೆ ಅವರು. ಹಿಂಬದಿಯ ಚೀಟಿಯೂ ಕಾಣದಂತೆ ಬಾಟಲಿಯನ್ನು ಹಳೆಯ ಫುಟ್‌ಬಾಲ್ ಕಾಲುಚೀಲದೊಳಗೆ ಇಳಿಸಿ ಮೇಜಿನ ಮೇಲಿಡಬೇಕು. ಹೊಗೆಯಾಡಿಸಿದ ಮಾಂಸ, ಸೌತೆಕಾಯಿಯ ಉಪ್ಪಿನಕಾಯಿ, ಬ್ರೆಡ್ಡು ವರ್ನಾಳದು.

ಬಾಟಲಿ ಭಾರವಿದ್ದರೆ ವೈನೂ ದುಬಾರಿ ಎಂದುಕೊಂಡು ಹೊಸಬರು ಕಾಲುಚೀಲದ ಮೇಲಿಂದಲೇ ಗಾಜಿನ ದಪ್ಪ ಮುಟ್ಟಿ ನೋಡುತ್ತಿದ್ದರು, ತಳದ ಗುಳಿಗೆ ಬೆರಳು ಒತ್ತುತ್ತಿದ್ದರು. ವರ್ನಾ ನಗುತ್ತಿದ್ದಳು. "ಗಾಜು ಯಾರು ಬೇಕಾದ್ರೂ ಕೊಂಡ್ಕೋಬೋದು. ಅದ್ಯಾಕೆ ಹೆಸರು ಕಳ್ಕೊಂಡು ಇಲ್ಲಿಗೆ ಬಂತು, ಅದನ್ನ ಕೇಳ್ರಿ" ಅನ್ನುತ್ತಿದ್ದಳು. ದೊಡ್ಡವರು ಬೆರೆಸಿ ಉಳಿದದ್ದು ಕೆಲವು. ಹುಳುಕನ್ನು ಓಕ್ ಮರದ ಚಕ್ಕೆ ನೆನೆಸಿ ಮುಚ್ಚಿದ್ದು ಬಹಳ. ನಿಜವಾಗಿ ಒಳ್ಳೆಯದಾಗಿದ್ದೂ ಯಾರದೋ ಕಷ್ಟಕ್ಕೆ ಹೊರಬಿದ್ದದ್ದು ಅಪರೂಪ. ಮೊದಲ ದಿನ ಅವಳು ತೀರ್ಪು ಕೊಡುತ್ತಿರಲಿಲ್ಲ. ಅರ್ಧ ಬಾಟಲಿ ಉಳಿಸಿ, ಮುಚ್ಚಳ ಹಾಕಿ, ಮರುದಿನ ಮತ್ತೆ ನೋಡುತ್ತಿದ್ದಳು. ಹೀಗೆ ಹುಳುಕು ಮುಚ್ಚಿದ ವೈನ್ ರಾತ್ರಿ ಕಳೆಯುವುದರೊಳಗೆ ಸಪ್ಪಗಾಗಿ ಬಿಡುತ್ತದೆ, ಜೀವವಿದ್ದದ್ದು ಎರಡನೇ ದಿನ ಇನ್ನೂ ಬಿಚ್ಚಿಕೊಳ್ಳುತ್ತದೆ. ಅವಳು ಹೇಳಿದ್ದನ್ನು ಗ್ಲೆನಿಸ್ ಅಗ್ಗದ ವೈನ್ ಕೊಳ್ಳುವವರ ಒಂದು ಇಂಟರ್ನೆಟ್ ಗುಂಪಿನಲ್ಲಿ ಹಾಕುತ್ತಿದ್ದಳು. ಆ ಗುಂಪಿನಲ್ಲಿ ಸಾವಿರಾರು ಜನರಿದ್ದರು. "ವರ್ನಾ ಏನಂದ್ರು?" ಎಂದು ಪರ್ತ್‌ನಿಂದ, ಹೋಬಾರ್ಟ್‌ನಿಂದ ಕೇಳುವಷ್ಟು ಹೆಸರಾಗಿತ್ತು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸಿಗದ್ದು ಜಗಲಿಯಲ್ಲಿ ಸಿಕ್ಕಿತು.

ಈಗ ಕ್ಲೆಮ್ ಹೈಡ್ರಿಕ್‌ನ ವಿಷಯ ಹೇಳಬೇಕು. ವರ್ನಾಳ ಮನೆಯಿಂದ ಐದು ಕಿಲೋಮೀಟರ್ ದೂರದ ಇಳಿಜಾರಿನಲ್ಲಿ ಅವನ ದ್ರಾಕ್ಷಿ ತೋಟ. ಮೇಲಿನ ಒಂಬತ್ತು ಸಾಲು ಅವನ ತಾತ ನೆಟ್ಟದ್ದು. ಪಕ್ಕದಲ್ಲೇ ದೊಡ್ಡ ನೀಲಗಿರಿ ಮರಗಳು. ಆ ಸಾಲಿನ ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿಗೆ ಅಡಿಲೇಡಿನ ದೊಡ್ಡ ಹೋಟೆಲುಗಳಲ್ಲಿ ಒಳ್ಳೆಯ ಬೆಲೆಯಿತ್ತು. ಚೀನಾ ನಮ್ಮ ವೈನಿಗೆ ಬಾಗಿಲು ಹಾಕಿದ ಮೇಲೆ ಕಣಿವೆಯ ತೊಟ್ಟಿಗಳೆಲ್ಲ ತುಂಬಿ ಕೂತವು. ದೊಡ್ಡವರೇ ತಲೆಮೇಲೆ ಕೈ ಹೊತ್ತು ಕೂತಾಗ ಕ್ಲೆಮ್ ಯಾವ ಲೆಕ್ಕ?

ಒಂದು ಮೇ ತಿಂಗಳ ಬೆಳಿಗ್ಗೆ ಪಂಪಿನ ಬಿಡಿಭಾಗ ಕೊಡಲು ಅವನ ಷೆಡ್ಡಿಗೆ ಹೋದೆ. ಒಳಗೆ ಬೋಳು ಬಾಟಲಿಗಳ ಪೆಟ್ಟಿಗೆಗಳು ಎದೆಮಟ್ಟಕ್ಕೆ ನಿಂತಿದ್ದವು. ಮೆಲ್ಬರ್ನಿನ ಲಾರಿ ಕಾಯುತ್ತಿತ್ತು. ಕ್ಲೆಮ್ ನನ್ನ ಮುಖ ನೋಡಿದ, ಬಾಟಲಿ ನೋಡಿದ.

"ನೆವ್, ನೀನೇನೂ ನೋಡ್ಲಿಲ್ಲ. ಅಲ್ವಾ?"

"ಏನ್ ನೋಡ್ಲಿ ಮಾರಾಯ? ನಾನ್ ಕನ್ನಡಕಾನೇ ತಂದಿಲ್ಲ."

"ಅರ್ಧ ಮಾಲು ಹಿಂಗೆ ಹೋದ್ರೆ, ಉಳಿದರ್ಧ ನನ್ ಹೆಸರಲ್ಲೇ ಹಳೇ ಬೆಲೆಗೆ ಹೋಗುತ್ತೆ. ಕೊಂಡ್ಕೊಂಡೋನೂ ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದಾನೆ. ಆದ್ರೆ ಒಂದ್ ಮಾತು ಹೊರಗೆ ಹೋದ್ರೂ ನಾನು ಮುಗಿದೆ ಕಣೋ."

"ಹೋಗಲ್ಲ ಬಿಡು" ಎಂದೆ. ಕೈ ಕುಲುಕಿದೆ.

ಮೂರು ವಾರ ಕಳೆಯಿತು. ಒಂದು ಸೈಟಿನಲ್ಲಿ "ಕ್ಲೇರ್ ಶಿರಾಜ್, ಹಳೆಯ ಬಳ್ಳಿ, ಮಾಲೀಕರ ಹೆಸರು ಹೇಳುವಂತಿಲ್ಲ" ಎಂದು ಕಂಡಿತು. ನಲವತ್ತು ಡಾಲರಿನ ಬಾಟಲಿ ಹನ್ನೆರಡು ಡಾಲರಿಗೆ. ನಾನು ಒಂದು ಪೆಟ್ಟಿಗೆ ತರಿಸಿದೆ. ಯಾಕೆ ತರಿಸಿದೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಕುಡಿಯುವ ಆಸೆಯಿಂದಲ್ಲ. ವರ್ನಾ ಗುರುತು ಹಿಡಿಯುತ್ತಾಳೋ ಇಲ್ಲವೋ ನೋಡಬೇಕಿತ್ತು. ಬಾಯಿಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ನಾನಂತೂ ಬಾಯಿಬಿಡುತ್ತಿಲ್ಲವಲ್ಲ, ಬಾಟಲಿ ಇಡುತ್ತಿದ್ದೇನೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಆ ಶನಿವಾರ ಕಾಲುಚೀಲದೊಳಗೆ ಅದನ್ನು ಇಳಿಸಿ ಮೇಜಿನ ಮೇಲಿಟ್ಟವನು ನಾನು.

ವರ್ನಾ ಮೊದಲ ಗುಟುಕು ತೆಗೆದುಕೊಂಡು ಬೇಲಿಯ ಕಡೆ ನೋಡಿದಳು. ಇನ್ನೊಂದು ಗುಟುಕು. "ನಾಳೆ" ಅಂದಳು. ಅವಳು ಒಂದು ಲೋಟ ಪೂರ್ತಿ ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಚರ್ಚು ಮುಗಿಸಿ ಮತ್ತೆ ಸೇರಿದೆವು. ಅವಳು ಉಳಿದ ಅರ್ಧವನ್ನು ಸುರಿದು ಮೂಗಿಗೆ ಹಿಡಿದಳು. ಮುಖ ಕೆಂಪಾಗಿತ್ತು.

"ಇದು ಕ್ಲೆಮ್‌ದು" ಅಂದಳು.

ಗ್ಲೆನಿಸ್ ನಕ್ಕಳು. "ಯಾವ ಕ್ಲೆಮ್? ನಮ್ ಕ್ಲೆಮ್ಮಾ? ಹೋಗೇ, ಅವನ್ಯಾಕೆ ಹನ್ನೆರಡು ಡಾಲರಿಗೆ ಮಾರ್ತಾನೆ?"

"ಯಾಕೆ ಮಾರ್ತಾನೋ ನಂಗೊತ್ತಿಲ್ಲ. ಮೇಲಿನ ಸಾಲಿಂದೇ ಇದು. ಆ ನೀಲಗಿರಿ ವಾಸನೆ ನೋಡು, ಎಲೆ ಜಜ್ಜಿದಂಗೆ. ಕೆಳಗಿನ ಸಾಲಿಗೆ ಅದು ಬರಲ್ಲ."

"ಕಣಿವೇಲಿ ನೀಲಗಿರಿ ಮರ ಇಲ್ದಿರೋ ತೋಟ ಯಾವ್ದಿದೆ ಹೇಳು? ಈ ಸಲ ನಿನ್ ನಾಲಿಗೆ ಜಾರ್ತು ಬಿಡೇ. ವಯಸ್ಸಾಯ್ತು."

ಅದು ತಮಾಷೆಯ ಮಾತು. ಆದರೆ ವರ್ನಾಳಿಗೆ ತಗುಲಬಾರದ ಕಡೆ ತಗುಲಿತು. ಲೋಟ ತೊಳಿಯಮ್ಮಾ ಅಂದವನ ದನಿ ಕೇಳಿಸಿತೋ ಏನೋ. ಲೋಟವನ್ನು ಮೇಜಿಗೆ ಕುಕ್ಕಿದಳು.

"ಹಾಕು. ನಿನ್ ಗುಂಪಲ್ಲಿ ಹಾಕು. ಕ್ಲೆಮ್ ಹೈಡ್ರಿಕ್, ಮೇಲಿನ ಸಾಲಿನ ಶಿರಾಜ್. ನನ್ ಹೆಸರೂ ಹಾಕು. ತಪ್ಪಾದ್ರೆ ನಾಳೆಯಿಂದ ನೀರು ಕುಡೀತೀನಿ."

"ಹಾಕ್ಲಾ? ನಿಜವಾಗ್ಲೂ?"

"ಹಾಕೇ ಅಂದ್ನಲ್ಲ!"

ಗ್ಲೆನಿಸ್ ಫೋನ್ ತೆಗೆದಳು. ಹೈಡ್ರಿಕ್ ಎಂದು ಬರೆಯುವಾಗ ತಡವರಿಸಿದಳು. ವರ್ನಾ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಎದುರಿಗೇ ಕೂತಿದ್ದ ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಬೇಡ ಎಂಬ ಒಂದು ಮಾತು ಸಾಕಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಿದ್ದರು. ಬೆಣ್ಣೆ ಹಚ್ಚುತ್ತಲೇ ಇದ್ದೆ.

ನಾಲ್ಕು ದಿನದಲ್ಲಿ ಆ ವೈನ್ ಪೂರ್ತಿ ಖಾಲಿಯಾಯಿತು. ನಮ್ಮ ಊರಿನಲ್ಲೇ ಹದಿನೇಳು ಮನೆಗಳಿಗೆ ನಾನು ಪೆಟ್ಟಿಗೆ ಹೊತ್ತೆ. ಆಮೇಲಿನದು ನಿಧಾನವಾಗಿ ಆಯಿತು. ಅಡಿಲೇಡಿನ ಹೋಟೆಲಿನವರು ಒಬ್ಬರಾದ ಮೇಲೊಬ್ಬರು ಕ್ಲೆಮ್‌ಗೆ ಫೋನ್ ಮಾಡಿದರು. ನಮ್ಮ ಗಿರಾಕಿಗಳು ಇದೇ ವೈನನ್ನು ಮೂರನೇ ಒಂದು ಭಾಗ ಬೆಲೆಗೆ ಮನೆಯಲ್ಲಿ ಕುಡಿಯುತ್ತಿದ್ದಾರೆ, ನಾವು ಯಾವ ಮುಖ ಇಟ್ಟುಕೊಂಡು ಬಡಿಸುವುದು ಎಂದರು. ವರ್ಷಾನುಗಟ್ಟಲೆ ಅವನ ಷೆಡ್ಡಿಗೇ ಬಂದು ಪೆಟ್ಟಿಗೆ ಒಯ್ಯುತ್ತಿದ್ದವರು, ಮೋಸ ಹೋದೆವೆಂದು ಮುನಿಸಿಕೊಂಡು ಬರುವುದನ್ನು ಬಿಟ್ಟರು. ಹೆಸರಿರುವ ಉಳಿದರ್ಧ ಷೆಡ್ಡಿನಲ್ಲೇ ಕೂತಿತು.

ವರ್ನಾಳಿಗೆ ಇದೆಲ್ಲ ತಿಳಿದದ್ದು ಸೆಪ್ಟೆಂಬರಿನಲ್ಲಿ, ಇಲ್ಲಿನ ವಸಂತ ಬಂದ ಮೇಲೆ. ಕಸಾಯಿ ಅಂಗಡಿಯ ಸಾಲಿನಲ್ಲಿ ಕ್ಲೆಮ್‌ನ ಹೆಂಡತಿ ಜಾಯ್ಲೀನ್ ಸಿಕ್ಕಿ, ತೋಟ ಮಾರುತ್ತಿದ್ದೇವೆ ಎಂದಳಂತೆ. ಕಾರಣವನ್ನೂ ಹೇಳಿದಳಂತೆ, ಬರೆಸಿದವಳು ಎದುರಿಗೇ ನಿಂತಿದ್ದಾಳೆಂಬ ಅರಿವಿಲ್ಲದೆ. ವರ್ನಾ ಮಾಂಸ ಕೊಳ್ಳದೆ ಮನೆಗೆ ಬಂದಳು. ಆ ಶನಿವಾರ ಜಗಲಿಯ ಬಾಗಿಲು ತೆರೆಯಲಿಲ್ಲ. ಮುಂದೆಯೂ ತೆರೆಯಲಿಲ್ಲ.

ಕೊಂಡವನಿಗೆ ದ್ರಾಕ್ಷಿ ಬೇಡವಾಗಿತ್ತು, ಕುರಿಗೆ ಮೇವು ಬೆಳೆಯುವ ಜಾಗ ಬೇಕಿತ್ತು. ಮರುವರ್ಷದ ಜುಲೈನಲ್ಲಿ ತಾತನ ಒಂಬತ್ತು ಸಾಲನ್ನು ಟ್ರಾಕ್ಟರಿಗೆ ಸರಪಳಿ ಕಟ್ಟಿ ಕಿತ್ತರು. ತೊಡೆಗಾತ್ರದ ಬುಡಗಳನ್ನು ರಾಶಿ ಹಾಕಿ ಸುಟ್ಟರು. ಹೊಗೆ ಎರಡು ದಿನ ಊರ ಮೇಲೆ ನಿಂತಿತ್ತು. ಕ್ಲೆಮ್ ಷೆಡ್ಡು ಖಾಲಿ ಮಾಡುತ್ತಿದ್ದಾನೆಂದು ಕೇಳಿದ ದಿನ ವರ್ನಾ ನನಗೆ ಫೋನ್ ಮಾಡಿ, ಕರೆದುಕೊಂಡು ಹೋಗು ಎಂದಳು. ಅಷ್ಟರಲ್ಲಿ ಅವಳು ಕಾರು ಓಡಿಸುವುದನ್ನು ಬಿಟ್ಟಿದ್ದಳು.

ಕ್ಲೆಮ್ ಪೀಪಾಯಿಗಳಿಗೆ ನೀರು ಹಾಯಿಸುತ್ತಿದ್ದ. ಪೈಪ್ ನಿಲ್ಲಿಸಲಿಲ್ಲ.

"ಕ್ಲೆಮ್, ಅದನ್ನ ಬರೆಸಿದ್ದು ನಾನು."

"ಗೊತ್ತು."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ನಿನ್ ಹೆಸರೇ ಇತ್ತಲ್ಲೇ ಅಲ್ಲಿ. ಜಾಯ್ಲೀನ್‌ಗೆ ಹೇಳಿಲ್ಲ."

"ಬಂದು ಬೈಬೋದಿತ್ತು ನನ್ನ."

ಅವನು ಪೈಪನ್ನು ನೆಲಕ್ಕೆ ಹಾಕಿದ. "ಮೊದ್ಲು ಓದಿದಾಗ ಖುಷಿ ಆಯ್ತು ಮಾರಾಯ್ತಿ. ನಿಜ ಹೇಳ್ತೀನಿ. ಹೆಸರೇ ಇಲ್ದಂಗೆ ಕಳಿಸಿದ್ರೂ ಒಬ್ಬಳು ಹಿಡಿದ್ಲಲ್ಲ, ಮೇಲಿನ ಸಾಲು ಅಂತ್ಲೂ ಹೇಳಿದ್ಲಲ್ಲ ಅಂತ. ಒಂದ್ ಹತ್ ನಿಮಿಷ. ಆಮೇಲೆ ಅರ್ಥ ಆಯ್ತು."

ವರ್ನಾ ಅಳುತ್ತಿದ್ದಳು. ಅವನು ಅವಳ ಕಡೆ ನೋಡದೆ ಹೇಳಿದ: "ನಿಂಗೆ ಫೋನ್ ಇರ್ಲಿಲ್ವಾ ವರ್ನಾ? ಐದು ಕಿಲೋಮೀಟರ್ ದೂರದಲ್ಲಿದ್ದೆ ನಾನು. ನಿಂದೇನಾ ಕ್ಲೆಮ್ ಅಂತ ಒಂದ್ ಮಾತು ಕೇಳಿದ್ರೆ ನಿನ್ ಕೈಕಾಲು ಹಿಡ್ಕೋತಿದ್ದೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗ ಹೇಳಬಹುದಿತ್ತು. ವ್ಯಾನಿನಲ್ಲಿ ವಾಪಸು ಬರುವಾಗಲೂ ಹೇಳಬಹುದಿತ್ತು. ಅವಳು ದಾರಿಯುದ್ದಕ್ಕೂ "ನನ್ ನಾಲಿಗೆ ನೆವ್, ನನ್ ಹಾಳು ನಾಲಿಗೆ" ಎನ್ನುತ್ತಿದ್ದಳು. ಆಯ್ತು ಬಿಡು ಎಂದು ಗೇರು ಬದಲಿಸಿದೆ.

ಅವಳು ಮತ್ತೆ ಯಾವ ವೈನಿನ ಬಗ್ಗೆಯೂ ಮಾತಾಡಲಿಲ್ಲ. ಯಾರಾದರೂ ಬಾಟಲಿ ತಂದು ಒತ್ತಾಯ ಮಾಡಿದರೆ ಒಂದು ಗುಟುಕು ಕುಡಿದು "ಚೆನ್ನಾಗಿದೆ, ಕುಡೀರಿ" ಅನ್ನುತ್ತಿದ್ದಳು. ಹುಳಿ ಹತ್ತಿದ್ದಕ್ಕೂ ಅದೇ, ಒಳ್ಳೆಯದಕ್ಕೂ ಅದೇ. ಎರಡು ವರ್ಷ ಹೀಗೇ ಕಳೆಯಿತು. ಕೊನೆಯ ತಿಂಗಳುಗಳಲ್ಲಿ ಔಷಧಿಯಿಂದ ಬಾಯಿರುಚಿಯೇ ಹೋಯಿತು ಎಂದಾಗ, ಅದರಿಂದ ಅವಳಿಗೆ ಬೇಸರವಾದಂತೆ ನನಗೆ ಕಾಣಲಿಲ್ಲ.

ವರ್ನಾಳನ್ನು ಮಣ್ಣು ಮಾಡಿದ ದಿನ ಕ್ಲೆಮ್, ತೋಟ ಮಾರಿದ ಮೇಲೆ ತಾನಿದ್ದ ಮಗಳ ಊರು ವಯಾಲಾದಿಂದ ಜಾಯ್ಲೀನ್ ಜೊತೆ ಬಂದ. ಚರ್ಚಿನ ಪಕ್ಕದ ಹಾಲಿನಲ್ಲಿ ಚಹಾ ಕೊಡುವಾಗ, ಈ ಕಣಿವೆಯಲ್ಲಿ ಅವಳಂಥ ನಾಲಿಗೆ ಇನ್ನೊಂದಿರಲಿಲ್ಲ ಎಂದು ಎಲ್ಲರ ಮುಂದೆ ಹೇಳಿದ. ನನಗೆ ತಡೆಯಲಾಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ: ಪೆಟ್ಟಿಗೆ ತರಿಸಿದ್ದು, ಕಾಲುಚೀಲ, ಬಾಯಿ ಮುಚ್ಚಿಕೊಂಡು ಕೂತದ್ದು.

ಕ್ಲೆಮ್ ಕುಡಿಯಲೆಂದು ಎತ್ತಿದ ಕಪ್ಪನ್ನು ಕೆಳಗಿಳಿಸಿದ.

"ಅವಳಿಗೆ ಗೊತ್ತಿತ್ತಾ?"

"ಇಲ್ಲ."

"ಇದನ್ನ ಅವಳಿಗೆ ಹೇಳ್ಬೇಕಿತ್ತು ಕಣೋ. ನಂಗಲ್ಲ."

ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಜಾಯ್ಲೀನಳನ್ನು ಕರೆದುಕೊಂಡು ಹೊರಟುಹೋದ. ಕಾರು ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಗ್ಲೆನಿಸ್ ಒಬ್ಬಳೇ ತಟ್ಟೆಗಳನ್ನು ತೊಳೆಯುತ್ತಿದ್ದಳು. ಹೋಗಿ ಅವಳಿಗೆ ಒರೆಸಿಕೊಟ್ಟೆ.