ಹೀಟರ್ ಬೇಕೆಂದಾಗ ನಗದವರು

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಭದ್ರಾವತಿಯ ನಿವೃತ್ತ ಡಾಕ್ಟರೊಬ್ಬರ ಶೆಡ್ಡಿನಲ್ಲಿ ಅದು ಎಷ್ಟೋ ಕಾಲದಿಂದ ನಿಂತಿತ್ತು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಹಸಿರು ಬಣ್ಣ, ಬಟ್ಟೆಯ ಚಾವಣಿ, ಕೂತರೆ ನೆಲದ ಮೇಲೇ ಕೂತಂತಾಗುವ ಸೀಟು. ಭದ್ರಾವತಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಶಿವಮೊಗ್ಗದಿಂದ ಇಪ್ಪತ್ತು ವರ್ಷ ಬಸ್ಸಿನಲ್ಲೇ ಓಡಾಡಿದವಳು. ಹಾಗಾಗಿ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಅಕ್ಕ ಮಾತ್ರ, "ಇಷ್ಟು ದಿನ ಸುಮ್ನಿದ್ದು ಕೊನೆಗೆ ಇದನ್ನಾ ತಗೊಂಡಿದ್ದು ಮಾರಾಯ್ತಿ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಬಂದು ಕೂತವಳೂ ಅವಳೇ.

ಅಕ್ಕ ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಪಾಳಿ ಬೆಳಿಗ್ಗೆ ಏಳಕ್ಕೆ. ಅವಳಿಗಾಗಿ ನಾನೂ ಬೇಗ ಹೊರಡುತ್ತಿದ್ದೆ. ಡಿಸೆಂಬರ್ ಬರುವವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಮಂಜು ಇಳಿಯತೊಡಗಿದ ಮೇಲೆ ಚಾವಣಿಯ ಸಂದುಗಳಿಂದ ಚಳಿಗಾಳಿ ಒಳಗೆ ನುಗ್ಗಿತು. ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ಕಾಲ ಬಳಿ ಬರುತ್ತಿದ್ದ ಗಾಳಿ ಬಾಯಿಂದ ಊದಿದಷ್ಟೂ ಬೆಚ್ಚಗಿರುತ್ತಿರಲಿಲ್ಲ. ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತಿತ್ತು. ಅಕ್ಕ ಟವೆಲಿನಿಂದ ಒರೆಸುತ್ತಿದ್ದಳು, ನಾನು ಬಗ್ಗಿ ನೋಡುತ್ತ ಓಡಿಸುತ್ತಿದ್ದೆ.

ನನಗೇನೋ ಅದು ನಡೆಯುತ್ತಿತ್ತು. ಅಕ್ಕನಿಗೆ ಮೊದಲಿನಿಂದಲೂ ಚಳಿಯಲ್ಲಿ ಬೆರಳು ಬಿಳಿಚಿಕೊಂಡು ಮರಗಟ್ಟುತ್ತವೆ. ಒಂದು ಸಂಜೆ ಅವಳು ಬಿಸಿ ಚಹಾ ಲೋಟಕ್ಕೆ ಬೆರಳುಗಳನ್ನು ಒತ್ತಿಕೊಂಡು ಕೂತಿದ್ದಳು. ಆ ಬೆಳಿಗ್ಗೆ ಒಬ್ಬ ಅಜ್ಜಿಗೆ ಸೂಜಿ ಹಾಕಲು ಮೂರು ಸಲ ಚುಚ್ಚಬೇಕಾಯಿತಂತೆ. "ಬೆರಳಿಗೆ ನರ ಗೊತ್ತಾಗ್ಲಿಲ್ಲ ಕಣೆ. ಪಾಪ, ಆ ಅಜ್ಜಿ ಏನೂ ಅನ್ಲಿಲ್ಲ. ನಾಳೆಯಿಂದ ನಾನು ಬಸ್ಸಿಗೇ ಹೋಗ್ತೀನಿ," ಎಂದಳು.

ಮರುದಿನವೇ ನಾನು ಗ್ಯಾರೇಜು ಹುಡುಕಲು ಹೊರಟೆ. ಶಿವಮೊಗ್ಗದ ಒಂದು ಕಡೆ ಹೀಟರ್ ಎಂದ ಕೂಡಲೇ ನಕ್ಕರು. ಎಲ್ಲರೂ ಎ.ಸಿ. ತಣ್ಣಗಾಗುತ್ತಿಲ್ಲ ಎಂದು ಬಂದರೆ ನಾನು ಬಿಸಿ ಸಾಲದು ಎಂದು ಬಂದಿದ್ದೇನೆ ಎಂಬುದು ಅಲ್ಲಿನ ತಮಾಷೆಯಾಯಿತು. ಇನ್ನೊಂದು ಕಡೆ ಎಂಜಿನ್ ತಣಿಸುವ ಕೂಲಂಟ್ ದ್ರವವನ್ನು ಹೊಸದಾಗಿ ತುಂಬಿ ಕಳಿಸಿದರು, ಏನೂ ಬದಲಾಗಲಿಲ್ಲ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ, ಮಾಚೇನಹಳ್ಳಿಯಲ್ಲಿ ರೇಡಿಯೇಟರ್ ಕೆಲಸ ಮಾಡುವ ಒಬ್ಬ ಹೆಂಗಸಿದ್ದಾರೆ, ಅವರಿಗೆ ತೋರಿಸಿ ಎಂದರು.

ಸಣ್ಣ ಫ್ಯಾಕ್ಟರಿಗಳ ನಡುವೆ ತಗಡಿನ ಮಾಡಿನ ಅಂಗಡಿ ಅದು. ಗೋಡೆಗೆ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್‌ಗಳನ್ನು ಒರಗಿಸಿದ್ದರು. ಐವತ್ತೈದರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ಬೆಸುಗೆ ಹಾಕುತ್ತಿದ್ದರು. ಮನೆಮಾತು ತಮಿಳು. ಕಾರ್ಖಾನೆಯ ಕೆಲಸಕ್ಕೆಂದು ಅವರ ತಂದೆಯ ಕಾಲದಲ್ಲೇ ಭದ್ರಾವತಿಗೆ ಬಂದ ಕುಟುಂಬ. ಅಂಗಡಿ ಹಾಕಿದ್ದು ಗಂಡ. ಅವರು ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಕಾರು ನೋಡಿದ ಕೂಡಲೇ ಇದು ಡಾಕ್ಟರ ಗಾಡಿ, ಹಿಂದೊಮ್ಮೆ ರೇಡಿಯೇಟರ್ ಕೆಲಸಕ್ಕೆ ತಮ್ಮಲ್ಲಿಗೆ ಬಂದಿತ್ತು ಎಂದರು. ನಾನು ಅಕ್ಕನ ಬೆರಳಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಬೆಸುಗೆಯ ಸಲಾಕೆ ಕೆಳಗಿಟ್ಟು ಬಾನೆಟ್ ಎತ್ತಿದರು.

ಹೀಟರ್ ಎಂದರೆ ಅದೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿಯುತ್ತದೆ, ಫ್ಯಾನು ಆ ಬಿಸಿಯನ್ನು ಒಳಗೆ ತಳ್ಳುತ್ತದೆ. ಅವರು ಎರಡು ಹೋಸ್ ಪೈಪ್ ಬಿಚ್ಚಿ, ನೀರನ್ನು ಹಿಂದುಮುಂದಾಗಿ ಹಾಯಿಸಿ ತೊಳೆದರು. ಕೆಂಪು ರಾಡಿ ಬಂತು. ತಿಳಿನೀರು ಬರುವ ತನಕ ಬಿಡಲಿಲ್ಲ. ಮತ್ತೆ ಜೋಡಿಸಿ ಎಂಜಿನ್ ಚಾಲೂ ಮಾಡಿದೆವು. ಗಾಳಿ ಸ್ವಲ್ಪ ವಾಸಿ ಎನ್ನಬಹುದಿತ್ತು, ಅಷ್ಟೇ. ನಾನು ಸಾಕು ಎಂದೆ. ಅವರು ಒಪ್ಪಲಿಲ್ಲ. ಸ್ಟೂಲಿನ ಮೇಲೆ ಕೂತು ಯೋಚಿಸಿ, ಓಡಿಸುವಾಗ ಬಿಸಿಯ ಮೀಟರಿನ ಮುಳ್ಳು ಎಲ್ಲಿರುತ್ತದೆ ಎಂದು ಕೇಳಿದರು. ಯಾವಾಗಲೂ ಕೆಳಗೇ, ಗಾಡಿ ಒಂದು ದಿನವೂ ಬಿಸಿಯಾಗಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

"ಇದನ್ನ ನಾನು ಮೊದ್ಲೇ ಕೇಳ್ಬೇಕಿತ್ತು ಮೇಡಂ," ಎಂದರು. "ನೀರೇ ಬಿಸಿ ಆಗ್ದೆ ಹೀಟರ್ ಏನು ಮಾಡತ್ತೆ?"

ವರ್ಷ ವರ್ಷವೂ ಮಕ್ಕಳಿಗೆ ಶಾಖದ ಪಾಠ ಮಾಡುವ ನನಗೆ ಇದು ಹೊಳೆದಿರಲಿಲ್ಲ.

ಎಂಜಿನ್ನಿನ ಮೇಲ್ಭಾಗದ ಒಂದು ಮುಚ್ಚಳವನ್ನು ಅವರು ಬಿಚ್ಚಿದರು. ಅದರೊಳಗೆ ಥರ್ಮೋಸ್ಟಾಟ್ ಎಂಬ ಹಿತ್ತಾಳೆಯ ಸಣ್ಣ ಬಾಗಿಲು ಇರಬೇಕಿತ್ತು. ಎಂಜಿನ್ನಿನ ನೀರು ಕಾಯುವವರೆಗೆ ಅದನ್ನು ತಣಿಸುವ ರೇಡಿಯೇಟರಿಗೆ ಬಿಡದೆ ತಡೆಯುವುದು ಇದರ ಕೆಲಸ. ಅದು ಇರಲೇ ಇಲ್ಲ. ಬರೀ ರಟ್ಟಿನ ಪ್ಯಾಕಿಂಗ್ ಅಂಟಿಕೊಂಡಿತ್ತು. ಅವರು ಆ ರಟ್ಟನ್ನು ಬಿಡಿಸಿ, ಅದರ ಅಂಚಿನಲ್ಲಿ ಕಿವಿಯಂತೆ ಚಾಚಿದ್ದ ಒಂದು ಚೂರನ್ನು ಬೆರಳಿನಿಂದ ಮುಟ್ಟಿದರು. ಕೀಳಲು ಸುಲಭವಾಗಲಿ ಎಂದು ಹಾಗೆ ಒಂದು ಚೂರು ಬಿಟ್ಟು ಕತ್ತರಿಸುವುದು ಅವರ ಅಭ್ಯಾಸವಂತೆ.

"ತೆಗ್ದಿದ್ದು ನಾನೇ ಮೇಡಂ. ಡಾಕ್ಟ್ರು ಎಂಜಿನ್ ತುಂಬ ಬಿಸಿ ಆಗ್ತಿದೆ ಅಂತ ತಂದಿದ್ರು. ನಮ್ಮನೆಯವ್ರು ಬೇಡ ಅಂದ್ರು, ನೀರು ತಡೆಯಿಲ್ದೆ ಹರೀಲಿ ಅಂತ ನಾನೇ ಹಠ ಮಾಡಿ ತೆಗ್ದೆ. ಮರ್ತೇ ಹೋಗಿತ್ತು."

ಹೇಳದಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ತಪ್ಪನ್ನು ತೀರಿಹೋದ ಗಂಡನ ಮೇಲೆ ಹಾಕಿದ್ದರೂ ನಂಬುತ್ತಿದ್ದೆ. ಅವರ ಮುಖದಲ್ಲಿ ನಾಚಿಕೆಯಾಗಲಿ ಅಂಜಿಕೆಯಾಗಲಿ ಕಾಣಲಿಲ್ಲ. ಆಗಲೇ ಡಬ್ಬಿಯೊಂದನ್ನು ಬಗ್ಗಿಸಿ ಹಳೆಯ ಥರ್ಮೋಸ್ಟಾಟುಗಳನ್ನು ಹುಡುಕತೊಡಗಿದ್ದರು.

ಈ ಕಾರಿನ ಅಳತೆಯದು ಸಿಗಲಿಲ್ಲ. ಜೀಪಿನ ಎರಡು ಹತ್ತಿರಕ್ಕೆ ಬಂದವು. ಮರುದಿನ ನಾನು ಕಾಲೇಜಿನಿಂದ ಥರ್ಮಾಮೀಟರ್ ಒಯ್ದೆ. ಚಹಾದ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಒಂದೊಂದಾಗಿ ಇಳಿಬಿಟ್ಟರು. ಮೊದಲನೆಯದು ಅರವತ್ತು ಡಿಗ್ರಿಗೇ ಬಾಯಿ ಬಿಟ್ಟಿತು. ಅದನ್ನು ಗುಜರಿಗೆ ಎಸೆದರು. ಎರಡನೆಯದು ಎಂಬತ್ತು ದಾಟಿದ ಮೇಲೆ ನಿಧಾನವಾಗಿ ತೆರೆದುಕೊಂಡಿತು, ತಣಿಸಿದಾಗ ಮುಚ್ಚಿಕೊಂಡಿತು. ನನಗೆ ಅಷ್ಟೇ ಸಾಕಾಗಿತ್ತು. ಅವರು ನೀರು ಬದಲಿಸಿ ಮೂರು ಸಲ ಪರೀಕ್ಷಿಸಿದರು. ನಾನು ತರಗತಿಯಲ್ಲಿ ಒಂದೇ ಸಲ ಮಾಡಿ ತೋರಿಸಿ ಪುಸ್ತಕ ಮುಚ್ಚುವವಳು.

ಆಮೇಲೆ ಅದರ ಅಂಚನ್ನು ಅರದಿಂದ ಉಜ್ಜಿ ಉಜ್ಜಿ, ಹತ್ತು ಸಲ ಇಟ್ಟು ತೆಗೆದು, ಗೂಡಿಗೆ ಸರಿಯಾಗಿ ಕೂರುವಂತೆ ಮಾಡಿದರು. ಗಾಳಿ ಸಿಕ್ಕಿಕೊಳ್ಳದಿರಲೆಂದು ಅದರಲ್ಲಿ ಸಣ್ಣ ತೂತು ಕೊರೆದರು. ರೇಡಿಯೇಟರನ್ನೂ ತಿಳಿನೀರು ಬರುವ ತನಕ ತೊಳೆದರು. ಕಾರಿನ ಮುಂಭಾಗ ಎತ್ತರವಾಗುವಂತೆ ದಿಣ್ಣೆಯ ಮೇಲೆ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಗುಳ್ಳೆಗಳು ನಿಲ್ಲುವವರೆಗೆ ನೀರು ಹಾಕುತ್ತ ಕಾದರು.

ಅಷ್ಟಾದರೂ ಕಾರು ಒಪ್ಪಿಸಲಿಲ್ಲ. ಬಾಗಿಲಲ್ಲಿ ಕಾಲೊರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು, ಭದ್ರಾವತಿಗೆ ನಡೀರಿ ಎಂದರು. ನಡುಮಧ್ಯಾಹ್ನ. ಆ ಊರಿನ ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಳ್ಳು ಏರುತ್ತ ಏರುತ್ತ ನಡುವಿಗೆ ಬಂತು. ನನ್ನ ಕೈ ಕೀಲಿಯ ಕಡೆಗೆ ಹೋಯಿತು. "ಅಲ್ಲೇ ನಿಲ್ಲತ್ತೆ, ನೋಡಿ," ಎಂದರು. ನಿಂತಿತು. ಕಾಲ ಬಳಿ ಬರುತ್ತಿದ್ದ ಗಾಳಿ ಕಾದ ಹೆಂಚಿನಿಂದ ಎದ್ದು ಬಂದಂತಿತ್ತು. ಇಬ್ಬರೂ ಬೆವರಿ ತೊಪ್ಪೆಯಾದೆವು. ಹೀಟರ್ ಆರಿಸಲು ಹೋದರೆ ಅವರು ಬಿಡಲಿಲ್ಲ, ಅಂಗಡಿಗೆ ಮರಳುವವರೆಗೂ ನೋಡಬೇಕೆಂದರು.

ಮರುದಿನ ಅಕ್ಕನನ್ನು ಪುಸಲಾಯಿಸಿ ಕರೆದುಕೊಂಡು ಹೊರಟೆ. ಗಾಜು ತಾನಾಗಿಯೇ ತಿಳಿಯಾಗಿತ್ತು. ಊರು ದಾಟಿದ ಸ್ವಲ್ಪ ಹೊತ್ತಿಗೆ ಅವಳು ಉಣ್ಣೆಯ ಕೈಗವಸು ಕಳಚಿ, ಕೈಗಳನ್ನು ಗಾಳಿಗೆ ಒಡ್ಡಿ, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. ಆಸ್ಪತ್ರೆಯ ಮುಂದೆ ಇಳಿಯುವಾಗ, ಸಂಜೆ ಎಷ್ಟು ಹೊತ್ತಿಗೆ ಬರ್ತೀಯ ಎಂದಷ್ಟೇ ಕೇಳಿದಳು. ಬಸ್ಸಿನ ಮಾತು ಮತ್ತೆ ಎತ್ತಲಿಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಅಂಗಡಿಗೆ ಬರಲು ಅವರು ಹೇಳಿದ್ದರು. ಬಿಸಿಲಿನಲ್ಲಿ ಎಂಜಿನ್ ಹೆಚ್ಚು ಕಾಯುತ್ತದೋ ನೋಡೋಣ ಎಂದು. ಹೋದೆ. ರಣಬಿಸಿಲಿನಲ್ಲಿ ಅದೇ ಸೇತುವೆಯವರೆಗೆ ಓಡಿಸಿ ಬಂದೆವು. ಮುಳ್ಳು ನಡು ಬಿಟ್ಟು ಕದಲಲಿಲ್ಲ. ಅವರು ಬಾನೆಟ್ ಎತ್ತಿ ಎಂಜಿನ್ನಿನ ಮೇಲೆ ಕಣ್ಣಾಡಿಸಿದರು.

"ಹಂಗಾದ್ರೆ ಆವಾಗ್ಲೂ ಥರ್ಮೋಸ್ಟಾಟ್ ತೆಗೀಬೇಕಿರ್ಲಿಲ್ಲ ಮೇಡಂ," ಎಂದರು. "ರೇಡಿಯೇಟರ್ ಸರಿಯಾಗಿ ತೊಳ್ದಿದ್ರೆ ಸಾಕಿತ್ತು. ನಮ್ಮನೆಯವ್ರು ಹೇಳಿದ್ದೇ ಸರಿ."

ಹಾಗೆಂದು ಬಾನೆಟ್ ಮುಚ್ಚಿ, ಅಂಗಡಿಯಲ್ಲಿ ಕಾಯುತ್ತಿದ್ದ ಟ್ರ್ಯಾಕ್ಟರಿನವರ ಕಡೆ ನಡೆದರು.